ಏರಿಯಾ ಕೇಳಿದ ಮಂಜನಿಗೆ

ಲೋ ಮಂಜ,

"ಬೆಂಗಳೂರಲ್ಲಿ ಯಾವ ಏರಿಯಾ ಒಳ್ಳೇದು, ಒಂದೇ ಮಾತಲ್ಲಿ ಹೇಳು" ಅಂದೆ. ಒಂದೇ ಮಾತಲ್ಲಿ ಹೇಳೋರು ಬ್ರೋಕರ್‌ಗಳು. ನಾನು ಉದ್ದಕ್ಕೇ ಬರೀತೀನಿ, ಓದ್ಕೋ. ಇದೇ ಪ್ರಶ್ನೆ ಕೇಳೋರು ಬೇಕಾದಷ್ಟು ಜನ ಇರೋದ್ರಿಂದ ಎಲ್ಲರೂ ಓದೋ ಹಾಗೇ ಹಾಕ್ತಿದೀನಿ. ನಿನ್ನ ಸಂಬಳದ ವಿಷಯ ಎತ್ತಿಲ್ಲ, ಹೆದರಬೇಡ.

ನೀನು ಆಫೀಸಿಂದ ಮನೆಗೆ ಎಷ್ಟು ಕಿಲೋಮೀಟರ್ ಅಂತ ಅಳೀತಾ ಕೂತಿದೀಯ. ಆದರೆ ಆ ಏರಿಯಾದಲ್ಲಿ ಹಗಲು ಹೊತ್ತು ಇರೋರು ನೀನಲ್ಲ, ಸವಿತಾ ಅವರೂ ಅಲ್ಲ. ಅಮ್ಮ ಇರ್ತಾರೆ, ಮಧ್ಯಾಹ್ನದ ಮೇಲೆ ಪುಟ್ಟಿ ಇರ್ತಾಳೆ. ಅಮ್ಮನದು ತಿಪಟೂರಲ್ಲಿ ಇಡೀ ಬೀದಿಯನ್ನ ಮಾತಾಡಿಸಿಕೊಂಡು ಓಡಾಡಿದ ಜೀವ. ಅಂಥೋರನ್ನ ಹನ್ನೊಂದನೇ ಮಹಡಿಯಲ್ಲಿ ಕೂರಿಸಿ, ಸೊಪ್ಪು ಬೇಕಾದ್ರೂ ಮೊಬೈಲಲ್ಲಿ ಆರ್ಡರ್ ಮಾಡಮ್ಮ ಅಂದ್ರೆ ಆರು ತಿಂಗಳಿಗೆ ಊರಿಗೆ ವಾಪಸ್ ಹೋಗ್ತೀನಿ ಅಂತಾರೆ. ಆಮೇಲೆ ಪುಟ್ಟಿನ ನೋಡ್ಕೊಳ್ಳೋರು ಯಾರು? ಅದಕ್ಕೇ ಹೇಳ್ತಿರೋದು, ಮನೆಯನ್ನ ಅಮ್ಮನ ಕಾಲಳತೆಯಲ್ಲಿ ಹುಡುಕು. ಸೊಪ್ಪಿನವಳು, ರಾಗಿ ಬೀಸಿಸೋ ಮಿಲ್ಲು, ಬಿ.ಪಿ. ನೋಡೋ ಡಾಕ್ಟರು, ಒಂದು ದೇವಸ್ಥಾನ, ಒಂದು ಪಾರ್ಕು. ಇಷ್ಟೂ ರಿಂಗ್ ರೋಡ್ ದಾಟದೆ ಸಿಗಬೇಕು, ಅಲ್ಲಿರೋರ ಹತ್ತಿರ ಕನ್ನಡದಲ್ಲೇ ವ್ಯವಹಾರ ಆಗಬೇಕು.

ಸರ್ಜಾಪುರ ರಸ್ತೆಯ ಫ್ಲ್ಯಾಟಿನ ವಿಡಿಯೋ ನೋಡಿದೆ. ಈಜುಕೊಳ, ಜಿಮ್ಮು, ಜಾರುಬಂಡೆ, ಎಲ್ಲಾ ತೋರಿಸಿದಾರೆ. ಗೇಟಿನ ಆಚೆ ಏನಿದೆ ಅಂತ ಮಾತ್ರ ಎಲ್ಲೂ ತೋರಿಸಿಲ್ಲ. 2022ರ ಸೆಪ್ಟೆಂಬರ್ ಮಳೆಗೆ ಆ ಕಡೆ ಬೆಳ್ಳಂದೂರು ಸುತ್ತಮುತ್ತ ನೀರು ನುಗ್ಗಿ, ಸಾಫ್ಟ್‌ವೇರ್ ಜನ ಟ್ರ್ಯಾಕ್ಟರ್ ಹತ್ತಿಕೊಂಡು ಆಫೀಸಿಗೆ ಹೋದದ್ದು ನಿಂಗೂ ನೆನಪಿರಬೇಕು. ಆ ರಸ್ತೆಯ ಎಲ್ಲಾ ಕಟ್ಟಡಕ್ಕೂ ಹಾಗಾಯ್ತು ಅಂತಲ್ಲ. ಆದರೆ ನೋಡೋಕೆ ಹೋದಾಗ ಲಿಫ್ಟ್ ಹತ್ತೋ ಮುಂಚೆ ಬೇಸ್‌ಮೆಂಟಿಗೆ ಇಳಿ. ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ಒಂದು ಮಾಸಲು ಗೆರೆ ಕಂಡರೆ, ಇಲ್ಲಾ ಕೆಳಗಿನ ಅರ್ಧಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ, ಮೇಲಿನ ಅಡುಗೆಮನೆ ಎಷ್ಟು ಚೆನ್ನಾಗಿದ್ರೂ ಬೇಡ. ಅಕ್ಕಪಕ್ಕ ರಾಜಕಾಲುವೆ ಎಲ್ಲಿದೆ ಅಂತ ಸೆಕ್ಯುರಿಟಿಯವರನ್ನ ಕೇಳು, ಬ್ರೋಕರನ್ನಲ್ಲ.

ಇನ್ನು ನೀರು. ಈ ಊರಲ್ಲಿ ಮನೆ ನೋಡೋದು ಅಂದ್ರೆ ಮೊದಲು ನೀರು ನೋಡೋದು. ಹಾಲ್ ದೊಡ್ಡದಿದೆಯಾ, ಬಾಲ್ಕನಿ ಇದೆಯಾ ಅನ್ನೋದೆಲ್ಲ ಆಮೇಲೆ. ನೆಟ್ಟಗೆ ಬಚ್ಚಲಿಗೆ ಹೋಗಿ ನಲ್ಲಿಯ ಬಾಯಿ ನೋಡು. ಸುತ್ತ ಬಿಳಿ ಉಪ್ಪು ಗಟ್ಟಿಯಾಗಿ ಕಟ್ಟಿದ್ದು, ಶವರಿನ ಅರ್ಧ ತೂತು ಮುಚ್ಚಿಹೋಗಿದ್ದರೆ ಅಲ್ಲಿ ಬರ್ತಿರೋದು ಬೋರ್ ನೀರು. ಬೆರಳಲ್ಲಿ ಉಜ್ಜಿದರೂ ಬಿಡಲ್ಲ ಅದು. ಓನರ್ "ಕಾವೇರಿ ಕನೆಕ್ಷನ್ ಇದೆ" ಅಂತಾರೆ. ಇರಬಹುದು. "ಯಾವ್ಯಾವ ದಿನ ಬಿಡ್ತಾರೆ, ಎಷ್ಟು ಹೊತ್ತಿಗೆ?" ಅಂತ ಕೇಳು. ನಿಜವಾಗಿ ನೀರು ಬರೋ ಮನೆಯವರು ಇದನ್ನ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸ್ತಾರೆ: ದಿನ ಬಿಟ್ಟು ದಿನ, ಬೆಳಗಿನ ಜಾವ, ಎರಡು ಗಂಟೆ. ತಡವರಿಸಿದರೆ ಟ್ಯಾಂಕರ್ ಅಂತ ತಿಳ್ಕೋ. ಜಲಮಂಡಳಿಯ ಹಳೇ ಬಿಲ್ಲು ಒಂದು ತೋರಿಸಿ ಅನ್ನು, ಸಂಪು ಎಷ್ಟು ದೊಡ್ಡದು, ಎಷ್ಟು ಮನೆಗೆ ಹಂಚಿಕೆ ಅಂತಲೂ ಕೇಳು.

2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರಿನವರು ಹೇಳಿದ್ದೇ ರೇಟು ಆಗಿತ್ತು. ಕೊನೆಗೆ ಸರ್ಕಾರವೇ ಐದು ಕಿಲೋಮೀಟರ್ ಒಳಗಾದರೆ 12,000 ಲೀಟರಿನ ಟ್ಯಾಂಕರಿಗೆ 1,000 ರೂಪಾಯಿ ಅಂತ ದರ ಕಟ್ಟಬೇಕಾಯ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾಯ್ತು. ದಿನಕ್ಕೆ 77.5 ಕೋಟಿ ಲೀಟರ್, 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆ. ಬ್ರೋಕರ್ ಇದನ್ನೇ ಹಿಡ್ಕೊಂಡು "ಈಗ ನೀರಿನ ಪ್ರಾಬ್ಲಮ್ಮೇ ಇಲ್ಲ ಸಾರ್" ಅಂತಾನೆ. ಯೋಜನೆ ಬರೋದು ಬೇರೆ, ಆ ಕಟ್ಟಡದವರು ದುಡ್ಡು ಕಟ್ಟಿ ಸಂಪರ್ಕ ತಗೊಂಡಿರೋದು ಬೇರೆ.

ಈಗ ನಿನ್ನ ಆಫೀಸಿನ ವಿಷಯಕ್ಕೆ ಬರ್ತೀನಿ. ನಿನ್ನದು ಎಲೆಕ್ಟ್ರಾನಿಕ್ ಸಿಟಿ, ಸವಿತಾ ಅವರದು ವೈಟ್‌ಫೀಲ್ಡು. ಮೊದಲಾಗಿದ್ರೆ ಇಬ್ಬರಲ್ಲೊಬ್ಬರು ಕೆಲಸ ಬಿಡಿ ಅಂತಿದ್ದೆ. 2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೋ ಬಂದ ಮೇಲೆ ಲೆಕ್ಕ ಬದಲಾಗಿದೆ. ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿ ಮೇಲೆ ಬೊಮ್ಮಸಂದ್ರಕ್ಕೆ 19 ಕಿಲೋಮೀಟರ್ ಚಿಲ್ಲರೆ, ಸಿಲ್ಕ್ ಬೋರ್ಡ್ ಜಾಮಿನ ತಲೆ ಮೇಲೇ ಹೋಗ್ತೀಯ. ಆರ್.ವಿ. ರಸ್ತೆಯಲ್ಲಿ ಅದು ಹಸಿರು ಮಾರ್ಗಕ್ಕೆ ಸೇರುತ್ತೆ. ಅಂದ್ರೆ ಜಯನಗರ, ಬನಶಂಕರಿ, ಜೆ.ಪಿ. ನಗರ, ಈ ಪಟ್ಟಿಯಲ್ಲಿ ಸ್ಟೇಷನ್ನಿಗೆ ನಡೆದು ಹೋಗೋ ಹಾಗೆ ಮನೆ ಸಿಕ್ಕರೆ ನಿನ್ನ ಕಷ್ಟ ಮುಗೀತು.

ಸವಿತಾ ಅವರ ಕಷ್ಟ ಮುಗಿಯಲ್ಲ. ಮೆಜೆಸ್ಟಿಕ್‌ವರೆಗೆ ಹೋಗಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ವೈಟ್‌ಫೀಲ್ಡ್ ಮುಟ್ಟೋಕೆ ಒಂದು ಗಂಟೆ ಮೇಲೇ ಬೇಕು, ಮೆಜೆಸ್ಟಿಕ್ಕಿನಲ್ಲಿ ಬೆಳಿಗ್ಗೆ ನುಗ್ಗೋದು ಬೇರೆ. ವಾರಕ್ಕೆ ಮೂರು ದಿನ ಆಫೀಸು ಅಂದಿದ್ದೆಯಲ್ಲ, ಅದಾದ್ರೆ ನಡೆಯುತ್ತೆ. ಐದು ದಿನ ಬನ್ನಿ ಅಂತ ಅವರ ಕಂಪನಿಯವರು ವರಾತ ತೆಗೆದ್ರೆ ವಿಜಯನಗರ, ಅತ್ತಿಗುಪ್ಪೆ ಕಡೆ ನೋಡಿ. ಅಲ್ಲಿಂದ ನೇರಳೆ ಮಾರ್ಗ ಒಂದೇ ಗಾಡಿ, ಕೂತರೆ ಇಳಿಯೋದು ವೈಟ್‌ಫೀಲ್ಡಲ್ಲೇ. ನೀನು ಎರಡು ಕಡೆ ಬದಲಾಯಿಸಬೇಕು. ಬಾಡಿಗೆಯೂ ಜಯನಗರಕ್ಕಿಂತ ಹಗುರ, ಮಾರ್ಕೆಟ್ಟು ಮನೆ ಬಾಗಿಲಲ್ಲೇ. ಇದನ್ನ ನೀನೊಬ್ಬನೇ ತೀರ್ಮಾನ ಮಾಡಬೇಡ, ಅವರ ಕೈಗೆ ಈ ಪತ್ರ ಕೊಡು. 2025ರ ಫೆಬ್ರವರಿಯಲ್ಲಿ ಮೆಟ್ರೋ ಟಿಕೆಟ್ಟಿನ ಗರಿಷ್ಠ ದರ 90 ರೂಪಾಯಿಗೆ ಏರಿತು, ಖರ್ಚಿನ ಲೆಕ್ಕ ಹಾಕುವಾಗ ಅದನ್ನೂ ಸೇರಿಸ್ಕೋ.

ನನ್ನ ಓಟು ಜಯನಗರ ಬನಶಂಕರಿ ಕಡೆಗೇ. ಜಯನಗರ 1948ರಲ್ಲಿ ನಕ್ಷೆ ಹಾಕಿ ಶುರು ಮಾಡಿದ ಬಡಾವಣೆ. ಬ್ಲಾಕು, ಮೇನು, ಕ್ರಾಸು ಅಂತ ಲೆಕ್ಕ ಇಟ್ಟು ಕಟ್ಟಿದಾರೆ, ಅಮ್ಮ ದಾರಿ ತಪ್ಪಿದ್ರೂ ನಂಬರ್ ಹೇಳಿ ವಾಪಸ್ ಬರಬಹುದು. ಮರದ ಬೇರು ಎದ್ದು ಫುಟ್‌ಪಾತ್ ಅಲ್ಲಲ್ಲಿ ಒಡೆದಿದೆ, ಆದರೆ ಒಡೆಯೋಕೆ ಫುಟ್‌ಪಾತ್ ಅಂತ ಒಂದು ಇದೆಯಲ್ಲ! ರಾಗಿಗುಡ್ಡದ ಆಂಜನೇಯ, ಬನಶಂಕರಿ ಅಮ್ಮ, ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸು, ಹಬ್ಬದ ಹಿಂದಿನ ದಿನ ಗಾಂಧಿ ಬಜಾರು. ಶಕ್ತಿ ಯೋಜನೆ ಇರೋದ್ರಿಂದ ಬಿ.ಎಂ.ಟಿ.ಸಿ.ಯ ಎ.ಸಿ. ಇಲ್ಲದ ಬಸ್ಸಲ್ಲಿ ಆಧಾರ್ ತೋರಿಸಿ ಅಮ್ಮ ಪುಕ್ಕಟೆ ಓಡಾಡಬಹುದು.

ಈ ಕಡೆ ಒಂದು ತೊಂದರೆ ಇದೆ, ಅದನ್ನೂ ಹೇಳಿಬಿಡ್ತೀನಿ. ಟು ಲೆಟ್ ಬೋರ್ಡಿನ ಕೆಳಗೆ "ವೆಜಿಟೇರಿಯನ್ಸ್ ಓನ್ಲಿ" ಅಂತ ಇರೋದು ಬಹಳ. ನಾನು ಹುಡುಕುವಾಗ ಒಬ್ಬ ಓನರ್ ಬಾಡಿಗೆ ಎಷ್ಟು ಅಂತ ಹೇಳೋಕೆ ಮುಂಚೆ "ನೀವು ಯಾವ ಜನ?" ಅಂದರು. "ತಿಂಗಳು ತಿಂಗಳು ಸರಿಯಾಗಿ ಬಾಡಿಗೆ ಕೊಡೋ ಜನ" ಅಂದೆ. ಆ ಮನೆ ಸಿಗಲಿಲ್ಲ, ಸಿಗದಿದ್ದದ್ದೇ ಒಳ್ಳೇದಾಯ್ತು. ಭಾನುವಾರದ ಕೋಳಿ ಸಾರನ್ನ ಕಿಟಕಿ ಮುಚ್ಚಿ ಮಾಡೋ ಮನೆ ನಿಂಗೂ ಬೇಡ. ಮುಚ್ಚಿಟ್ಟುಕೊಂಡು ಸೇರ್ಕೋಬೇಡ, ಮೊದಲೇ ಹೇಳು, ಬೇಡ ಅಂದ್ರೆ ಮುಂದಿನ ಕ್ರಾಸಿಗೆ ನಡಿ. ಒಪ್ಪೋರೂ ಇದಾರೆ.

ಹಳೇ ಬಡಾವಣೆಯ ಒಳ್ಳೇ ಮನೆಗಳು ಆ್ಯಪಿಗೆ ಬರೋದು ಕಡಿಮೆ. ಬೆಳಿಗ್ಗೆ ಹೊತ್ತು ಕ್ರಾಸ್ ಕ್ರಾಸ್ ನಡೆದು ಬೋರ್ಡ್ ನೋಡಬೇಕು. ಮೂಲೆಯ ಇಸ್ತ್ರಿ ಗಾಡಿಯವರನ್ನ ಮಾತಾಡಿಸು. ಯಾವ ಮನೆ ಖಾಲಿಯಾಗ್ತಿದೆ, ಯಾವ ಓನರ್ ಕಿರಿಕಿರಿ, ಯಾವ ಮನೆಯ ಅಡ್ವಾನ್ಸ್ ವಾಪಸ್ ಬರೋದು ಕಷ್ಟ, ಎಲ್ಲಾ ಅವರ ಬಾಯಲ್ಲಿರುತ್ತೆ. ಅವರು ಕಮಿಷನ್ ಕೇಳಲ್ಲ, ಬ್ರೋಕರ್ ಆದ್ರೆ ಒಂದು ತಿಂಗಳ ಬಾಡಿಗೆ ಕೊಡಬೇಕು.

ಅಡ್ವಾನ್ಸ್ ಹತ್ತು ತಿಂಗಳದ್ದು ಕೊಡೋದು ಇಲ್ಲಿನ ಹಳೇ ಪದ್ಧತಿ. ಈಗ ಐದಾರು ತಿಂಗಳಿಗೆ ಒಪ್ಪೋರು ಬಹಳ ಜನ ಇದಾರೆ, ಚೌಕಾಸಿ ಮಾಡು. ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳದ್ದು ಮುರ್ಕೋತಾರೆ, ಅದನ್ನೂ ವರ್ಷಕ್ಕೆಷ್ಟು ಏರಿಸ್ತಾರೆ ಅನ್ನೋದನ್ನೂ ಹನ್ನೊಂದು ತಿಂಗಳ ಕರಾರಿನಲ್ಲಿ ಬರೆಸ್ಕೋ. ಕರೆಂಟ್ ಮೀಟರ್ ಪ್ರತ್ಯೇಕ ಇದೆಯಾ, ಹಿಂದಿನವರು ಗೃಹಜ್ಯೋತಿಯಿಂದ ಹೆಸರು ತೆಗೆಸಿದಾರಾ ಅಂತ ನೋಡು, ಬಾಡಿಗೆದಾರರಿಗೂ ಆ ಸವಲತ್ತು ಇದೆ.

ಒಂದೇ ಸಲ ದೊಡ್ಡ ಮೊತ್ತ ಕೊಟ್ಟು ಲೀಸಿಗೆ ಹಾಕ್ಕೊಂಡ್ರೆ ತಿಂಗಳ ಬಾಡಿಗೆ ಉಳಿಯುತ್ತೆ ಅಂತ ನಿಮ್ಮ ಭಾವ ಹೇಳಿದಾರಂತೆ. ಬೇಡ. ಓನರ್ ಅದೇ ಮನೆ ಮೇಲೆ ಬ್ಯಾಂಕ್ ಸಾಲ ಮಾಡಿ ಕಂತು ಕಟ್ಟದೆ ಹೋದರೆ ಬ್ಯಾಂಕಿನವರು ನಿನ್ನ ಬಾಗಿಲಿಗೇ ನೋಟೀಸು ಅಂಟಿಸ್ತಾರೆ. ತೋಟದ ದುಡ್ಡು ತಂದು ಅಲ್ಲಿ ಸುರಿಯೋದಾದ್ರೆ, ಕೊನೇ ಪಕ್ಷ ಮನೆ ಮೇಲೆ ಸಾಲ ಇದೆಯಾ ಅಂತ ತೋರಿಸೋ ಇ.ಸಿ. (ಋಣಭಾರ ಪತ್ರ) ತೆಗೆಸಿ ನೋಡಿ, ಲೀಸನ್ನ ರಿಜಿಸ್ಟರ್ ಮಾಡಿಸಿಯೇ ಕೊಡು. ಮನೆ ಕೊಳ್ಳೋ ಮಾತು, ಖಾತೆ ಪಾತೆ ಎಲ್ಲ ಈಗ ಬೇಡ. ಎರಡು ವರ್ಷ ಇದ್ದು ನೋಡು.

ಊರಿಗೆ ಹೋಗಿಬರೋದು ಸುಲಭ ಆಗಲಿ ಅಂತ ದಾಸರಹಳ್ಳಿ ಕಡೆ ಯೋಚನೆ ಮಾಡ್ತಿದೀಯ ಅಂತ ಗೊತ್ತು. ತುಮಕೂರು ಸೀಮೆಯವರೆಲ್ಲ ಮಾಡೋದೇ ಅದು. ಆದರೆ ನಿಂಗೆ ಅದರ ಅಗತ್ಯ ಇಲ್ಲ. ಜಯನಗರದಲ್ಲಿ ಹಸಿರು ಮೆಟ್ರೋ ಹತ್ತಿದ್ರೆ ಯಶವಂತಪುರ, ಅಲ್ಲಿಂದ ತಿಪಟೂರಿಗೆ ರೈಲು. ಹಬ್ಬದ ಹಿಂದಿನ ಸಂಜೆ ಗೊರಗುಂಟೆಪಾಳ್ಯದಲ್ಲಿ ಬಸ್ಸಿಗೆ ಕಾದು ನಿಂತು ಬೆವರೋದು ತಪ್ಪುತ್ತೆ.

ಕಾರು ತರ್ತೀಯಾ ಇಲ್ವಾ ಅಂತ ಮೊದಲು ತಿಳಿಸು. ಹಳೇ ಮನೆಗಳಲ್ಲಿ ಬೈಕಿಗೇ ಜಾಗ ಇರಲ್ಲ, ಎದುರು ಮನೆಯವರ ಜೊತೆ ದಿನಾ ಜಗಳ. ಮುಂದಿನ ಶನಿವಾರ ಬರೋದಾದ್ರೆ ಅಮ್ಮನನ್ನೂ ಕರ್ಕೊಂಡು ಬಾ. ಬನಶಂಕರಿಯಲ್ಲಿ ಎರಡನೇ ಮಹಡಿ ಮನೆ ಒಂದು ನೋಡಿಟ್ಟಿದೀನಿ, ಕಾವೇರಿ ನೀರಿದೆ, ಲಿಫ್ಟ್ ಇಲ್ಲ. ಮೆಟ್ಟಿಲು ಹತ್ತಿ ನೋಡಿ ಅವರೇ ಹೇಳಲಿ.

ಇಂತಿ ನಿನ್ನ,
ಶಿವು