ನಿಮ್ಮವ್ವ ಕಳಿಸಿದ ಜೇನು

ಪ್ರೀತಿಯ ಗೆಳೆಯಾ,

ನಿಮ್ಮವ್ವ ಕಳಿಸಿದ ಜೇನಿನ ಬಾಟಲಿ ಬಂತು ಕಣೋ. ಮುಚ್ಚಳ ತೆಗೆದಿಲ್ಲ. ಅಡುಗೆಮನೆ ಕಿಟಕಿಯಲ್ಲಿಟ್ಟಿದ್ದೇನೆ. ಬಾಯಿಗೆ ಕಟ್ಟಿದ ಬಟ್ಟೆ ಅವ್ವನ ಹಳೆ ಸೀರೆಯದು, ನೋಡಿದ ತಕ್ಷಣ ಗೊತ್ತಾಯಿತು.

ನಾನು ಹಾಲು, ತುಪ್ಪ ಬಿಟ್ಟು ಒಂದೂವರೆ ವರ್ಷ ಆಯ್ತಲ್ವಾ. ಹಾಲು ಬಿಡೋದು ಕಷ್ಟವೇ ಆಗಲಿಲ್ಲ. ನಾವು ಹುಟ್ಟಿದಾಗಿನಿಂದ ಹಾಲಿಲ್ಲದ ಬೆಲ್ಲದ ಕಾಪಿ ಕುಡಿದವರು. ಸಿಹಿಗೆ ಏನು ಹಾಕೋದು ಅನ್ನೋದಕ್ಕೇ ಜಾಸ್ತಿ ಒದ್ದಾಡಿದೆ. ಸ್ಟೀವಿಯಾ ತಂದೆ, ಕೊನೆಗೆ ನಾಲಿಗೆ ಮೇಲೆ ಒಂದು ಕಹಿ ಉಳಿಯುತ್ತದೆ. ಖರ್ಜೂರ ರುಬ್ಬಿದರೆ ಪಾಯಸಕ್ಕೆ ಚೆನ್ನಾಗಿದೆ, ಕಾಪಿಗೆ ಒಗ್ಗಲ್ಲ. ತಿರುಗಿ ಬೆಲ್ಲಕ್ಕೇ ಬಂದೆ. ಕಪ್ಪು ಬೆಲ್ಲವೇ ಬೇಕು ಅಂತ ಕೇಳಿ ತರ್ತೇನೆ. ಹಳದಿ ಬಣ್ಣ ಬರಲಿ ಅಂತ ಕುದಿಯುವಾಗ ಹೈಡ್ರೋಸ್ ಅನ್ನೋ ರಾಸಾಯನಿಕ ಹಾಕ್ತಾರಲ್ಲ, ಅದು ಬೇಡ. ಬೆಲ್ಲವೂ ಬಹುಪಾಲು ಸಕ್ಕರೆಯೇ, ಹಾಗಾಗಿ ಲೋಟಕ್ಕೆ ಒಂದು ಸಣ್ಣ ಚೂರು.

ಜೇನು ಬಿಟ್ಟದ್ದು ಯಾಕೆ ಅಂತ ನಿನಗೆ ಸರಿಯಾಗಿ ಹೇಳಿಲ್ಲ. ಹೋದ ವರ್ಷ ಜುಲೈ ಮಳೆಯಲ್ಲಿ ನೀನು ಜೇನುಪೆಟ್ಟಿಗೆ ಮುಚ್ಚಳ ತೆಗೆದು, ತೆಂಗಿನ ಚಿಪ್ಪಿನಲ್ಲಿ ಸಕ್ಕರೆ ಪಾಕ ಇಡ್ತಾ ಇದ್ದೆ. ನಾನು ಛತ್ರಿ ಹಿಡಿದಿದ್ದೆ. ಪಾಕದಲ್ಲಿ ಹಾಕಿದ ಕಡ್ಡಿ ಮೇಲೆ ಒಂದು ತುಡುವೆ ಜೇನುಹುಳ ಕೂತು, ಮೆಲ್ಲಗೆ ಹೊಟ್ಟೆ ಆಡಿಸುತ್ತಾ ಕುಡಿಯುತ್ತಿತ್ತು. ಹೂವಿಲ್ಲದ ದಿನಗಳಿಗೆ ಅಂತ ಅದು ಕೂಡಿಟ್ಟಿದ್ದನ್ನು ನಾವು ಏಪ್ರಿಲ್‌ನಲ್ಲೇ ತೆಗೆದಿದ್ದೆವು. ಆಮೇಲೆ ಜೇನು ಬಾಯಿಗೆ ಹಾಕಲು ಮನಸ್ಸಾಗಲಿಲ್ಲ.

ಈ ಸಲ ಆಗಸ್ಟ್ 3, ನಮ್ಮ ಕೊಡಗಿನ ಕಕ್ಕಡ ತಿಂಗಳ ಹದಿನೆಂಟನೇ ದಿನ. ನಿಮ್ಮ ಮನೆಯಲ್ಲಿ ಮದ್ದುಸೊಪ್ಪಿನ ರಸದಲ್ಲಿ ಅಕ್ಕಿ ಬೇಯಿಸಿದ ಮದ್ದುಪುಟ್ಟು. ಸೊಪ್ಪಿನ ಆ ನೇರಳೆ ಬಣ್ಣ, ಆ ಘಮ. ತುಪ್ಪ ಬೇಡ ಅಂದೆ, ಅವ್ವ ನಕ್ಕರು. ಜೇನಿನ ಬಟ್ಟಲು ಮುಂದಿಟ್ಟಾಗ ಅದೂ ಬೇಡ ಅಂದೆ. ಅವರು ಏನೂ ಹೇಳಲಿಲ್ಲ. ಬಟ್ಟಲಿನ ಅಂಚನ್ನು ಸೆರಗಿನಿಂದ ಒರೆಸಿ ಒಳಗೆ ತಗೊಂಡು ಹೋದರು. ಆಗ ನೆನಪಾಯ್ತು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂದು, ಜೇನುಹುಳದ ಮರಿಗಳು ನೀರು ತುಂಬಿದ ಚೀಲದ ಹಾಗಾಗಿ ಸತ್ತು, ನಿಮ್ಮಪ್ಪನ ಪೆಟ್ಟಿಗೆಗಳೆಲ್ಲ ಖಾಲಿಯಾಗಿದ್ದವು. ಕಾಡಿನಿಂದ ಒಂದು ಕುಟುಂಬ ಹಿಡಿದು ತಂದು ಅವರು ಮತ್ತೆ ಶುರು ಮಾಡಿದ ಜೇನು ಅದು. ಅಪ್ಪ ಹೋದ ಮೇಲೆ ಅವ್ವ ಅದನ್ನು ಎಲ್ಲರಿಗೂ ಬಡಿಸಲ್ಲ.

ಅವತ್ತಿನಿಂದ ನಿಮ್ಮ ಮನೆಗೆ ಬಂದಿಲ್ಲ. ಮಳೆ ಅಂದೆ, ತೋಟದ ಕೆಲಸ ಅಂದೆ. ಎಲ್ಲ ಸುಳ್ಳು. ನನ್ನಮ್ಮ ತೀರಿಕೊಂಡ ವರ್ಷ ಪೂರ್ತಿ ನನಗೆ ಅನ್ನ ಹಾಕಿದ ಕೈಯನ್ನು ವಾಪಸ್ ಕಳಿಸಿದೆ ಅನಿಸಿ ಭಯವಾಯಿತು. ಮೂರು ತಿಂಗಳಿಂದ ಅದೇ ತಲೆಯಲ್ಲಿದೆ ಮಾರಾಯ. ಇಷ್ಟು ಬರೀಬೇಕು ಅಂತ ಕೂತಿರಲಿಲ್ಲ.

ಇನ್ನೊಂದು ಮಾತು. ನಮ್ಮ ರೊಬಸ್ಟಾ ಕಾಪಿ ಗಿಡ ತನ್ನದೇ ಹೂಪುಡಿಯಿಂದ ಕಾಯಿ ಕಟ್ಟಲ್ಲ, ಬೇರೆ ಗಿಡದ್ದು ಬೇಕು. ಅದನ್ನು ಗಾಳಿ ತರಬೇಕು, ಇಲ್ಲ ಜೇನು ತರಬೇಕು. ಹೂಮಳೆ ಬಿದ್ದು ತೋಟ ಬೆಳ್ಳಗಾದಾಗ ನಿನ್ನ ಹುಳಗಳು ಬೇಲಿ ದಾಟಿ ನಮ್ಮ ಕಡೆಗೂ ಬರ್ತವೆ. ನಾನು ಜೇನು ಬಿಟ್ಟರೂ ನನ್ನ ಲೋಟದಲ್ಲಿ ಅವುಗಳ ದುಡಿಮೆ ಇದೆ. ಇದನ್ನು ಅವ್ವನ ಹತ್ತಿರ ಕೂತು ಹೇಳಬೇಕು. ಜೇನು ತಿನ್ನಲ್ಲ, ಆದರೆ ಬಾಟಲಿ ಕಿಟಕಿಯಲ್ಲೇ ಇರುತ್ತದೆ ಅಂತಲೂ.

ಪುತ್ತರಿ ಸುಗ್ಗಿ ಹಬ್ಬಕ್ಕೆ ಬರ್ತೇನೆ. ತಂಬಿಟ್ಟಿಗೆ ಹೇಗೂ ಬಾಳೆಹಣ್ಣಿನ ಸಿಹಿ. ನಮ್ಮ ತೋಟದ ಗೊನೆ ಹೊತ್ತು ತರ್ತೇನೆ, ಹಣ್ಣು ನಾನೇ ಕಿವುಚುತ್ತೇನೆ ಅಂತ ಅವ್ವನಿಗೆ ಹೇಳಿಡು. ನನ್ನ ಪಾಲಿನ ತುಪ್ಪವೂ ನಿನಗೇ.

ನಿನ್ನ,
ಬೇಲಿಯಾಚೆಯವನು