ಆಲಿಕಲ್ಲು ಬಿದ್ದ ಮನೆಗೂ ಪಂಚನಾಮೆ ಮಾಡಿಸಿ: ಬೀದರ್ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರಗಳು.

ಮಾರ್ಚ್, ಏಪ್ರಿಲ್‌ನಲ್ಲಿ ಔರಾದ್, ಕಮಲನಗರ, ಭಾಲ್ಕಿ ಕಡೆ ಆಲಿಕಲ್ಲು ಸುರಿದ ಮರುದಿನ ಪತ್ರಿಕೆಗಳಲ್ಲಿ ಮಾವು, ಜೋಳ, ಕಲ್ಲಂಗಡಿ ಹೊಲಗಳ ಚಿತ್ರ ಬರುತ್ತದೆ. ಬರಲೇಬೇಕು. ರೈತರಿಗೆ ಫಸಲ್ ಬಿಮಾ (ಬೆಳೆ ವಿಮೆ) ಯೋಜನೆಯಲ್ಲಿ ಹಾನಿಯನ್ನು 72 ಗಂಟೆಯೊಳಗೆ ತಿಳಿಸುವ ದಾರಿಯಾದರೂ ಇದೆ. ಅದೇ ಆಲಿಕಲ್ಲಿಗೆ ಸೂರು ಒಡೆದವರು ಯಾರ ಬಳಿ ಹೋಗಬೇಕೆಂಬುದನ್ನು ಮಾತ್ರ ಯಾರೂ ಬರೆಯುವುದಿಲ್ಲ. ನಾನು ಕೇಳುತ್ತಿರುವುದು ಒಂದು ಕಾಗದ: ಪಂಚನಾಮೆಯ, ಅಂದರೆ ಅಧಿಕಾರಿ ಸ್ಥಳಕ್ಕೆ ಬಂದು ನೋಡಿ ಬರೆಯುವ ಹಾನಿಯ ದಾಖಲೆಯ, ಪ್ರತಿ.

ನನ್ನ ಮನೆಗೆ ಬ್ಯಾಂಕ್ ಸಾಲವಿದೆ. ಸಾಲದ ಜೊತೆಗೇ ವಿಮೆಯನ್ನೂ ಮಾಡಿಸಿದ್ದರು. ಆಲಿಕಲ್ಲಿಗೆ ಮಹಡಿಯ ಸಿಮೆಂಟ್ ಶೀಟುಗಳು ಒಡೆದವು, ಸೋಲಾರ್ ಹೀಟರಿನ ಗಾಜಿನ ಕೊಳವೆಗಳು ಪುಡಿಯಾದವು. ವಿಮಾ ಕಂಪನಿಯವರು, ಆಲಿಕಲ್ಲು ಬಿದ್ದದ್ದಕ್ಕೆ ಸರ್ಕಾರಿ ದಾಖಲೆ ತನ್ನಿ ಎಂದರು. ಕಂದಾಯ ಸಿಬ್ಬಂದಿ, ವಿಮೆ ಇರುವ ಮನೆ ನಮ್ಮ ಪರಿಹಾರದ ಪಟ್ಟಿಗೆ ಬರುವುದಿಲ್ಲ ಎಂದರು. ಇಬ್ಬರೂ ಸಭ್ಯವಾಗಿಯೇ ಮಾತನಾಡಿದರು, ಅದಕ್ಕೇನೂ ಕೊರತೆಯಿಲ್ಲ.

ಮಳೆಮಾಪಕವೂ ನಮ್ಮ ನೆರವಿಗೆ ಬರುವುದಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿಯೇ ಮಾಪಕಗಳನ್ನು ಇರಿಸಿದೆ. ಆದರೆ ಅವು ಹೇಳುವುದು ಎಷ್ಟು ಮಿಲಿಮೀಟರ್ ಮಳೆ ಬಿತ್ತೆಂದು. ನಿಂಬೆಗಾತ್ರದ ಕಲ್ಲು ಹತ್ತು ನಿಮಿಷ ಸುರಿದು ಪಕ್ಕದೂರಿನಲ್ಲಿ ಹನಿಯೂ ಬೀಳದಿರುವುದು ಈ ಮಳೆಯ ಸ್ವಭಾವ. ಸಂಜೆಯೊಳಗೆ ಕಲ್ಲು ಕರಗಿ ಹೋಗುತ್ತದೆ. ಊರಿಗೆ ಬಂದು ನೋಡಿದವರ ಬರಹವೊಂದೇ ಉಳಿಯುವ ಸಾಕ್ಷ್ಯ.

ಇನ್ನೊಂದು ತೊಡಕು ಪಾಲಿಸಿಯಲ್ಲಿಯೇ ಇದೆ. ವಾಹನ ವಿಮೆಯ ಪಾಲಿಸಿಯಲ್ಲಿ ಆಲಿಕಲ್ಲಿನ ಮಳೆಯನ್ನು ಹೆಸರಿಸಿಯೇ ಬರೆದಿದ್ದಾರೆ. 2021ರ ಏಪ್ರಿಲ್‌ನಿಂದ ಸಾಮಾನ್ಯ ವಿಮಾ ಕಂಪನಿಗಳು ಮಾರುತ್ತಿರುವ 'ಭಾರತ್ ಗೃಹ ರಕ್ಷಾ' ಎಂಬ ಮನೆ ವಿಮೆಯ ಪಾಲಿಸಿಯಲ್ಲಿ ಬಿರುಗಾಳಿ, ಚಂಡಮಾರುತ, ಸುಂಟರಗಾಳಿ, ಸುನಾಮಿ, ಪ್ರವಾಹಗಳಿವೆ, ಆಲಿಕಲ್ಲಿನ ಹೆಸರಿಲ್ಲ. ಬೀದರಿಗೆ ಸುನಾಮಿ ಬರುವ ದಿನಕ್ಕೂ ರಕ್ಷಣೆಯಿದೆ ಎಂದು ಸಮಾಧಾನ ಪಡಬೇಕೇನೋ. ಬಿರುಗಾಳಿಯ ಜೊತೆಗೆ ಬಿದ್ದ ಕಲ್ಲು ಬಿರುಗಾಳಿಯದೇ ಹಾನಿ ಎಂದು ವಾದಿಸಬಹುದು. ಆ ವಾದಕ್ಕೆ ಬಲ ಬರಬೇಕಾದರೆ ಅಂದು ಗಾಳಿಯೂ ಕಲ್ಲೂ ಒಟ್ಟಿಗೆ ಬಂದವೆಂದು ಅಧಿಕಾರಿಯೊಬ್ಬರು ಬರೆದುಕೊಟ್ಟಿರಬೇಕು.

ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಸುತ್ತೋಲೆಯ ಪ್ರಕಾರ ಹಾನಿ ತಿಳಿಸಿದ 24 ಗಂಟೆಯೊಳಗೆ ಹಾನಿ ಅಂದಾಜು ಮಾಡುವ ಸರ್ವೇಯರ್ ನೇಮಕವಾಗಬೇಕು, 15 ದಿನದೊಳಗೆ ವರದಿ ಬರಬೇಕು, ವರದಿ ಬಂದ 7 ದಿನದೊಳಗೆ ತೀರ್ಮಾನವಾಗಬೇಕು. ನಮ್ಮ ಕಡೆ ಸರ್ವೇಯರ್ ಹೊರಗಿನಿಂದ ಬರಬೇಕು. ಅಲ್ಲಿಯವರೆಗೆ ಸೂರು ತೆರೆದೇ ಇರಬೇಕೆ? ತಾಡಪತ್ರಿ ಹೊದಿಸಿದರೆ ಏನು ಒಡೆದಿದೆ ತೋರಿಸಿ ಎನ್ನುತ್ತಾರೆ. ಹೊದಿಸದೆ ಮಂಚ, ಟಿವಿ ನೆಂದರೆ ಹಾನಿ ತಡೆಯಲು ನೀವೇನು ಮಾಡಿದಿರಿ ಎನ್ನುತ್ತಾರೆ. ಇನ್ನು ಸಿಮೆಂಟ್ ಶೀಟಿನ ಸಣ್ಣ ಬಿರುಕು ಕಣ್ಣಿಗೆ ಬೀಳುವುದೇ ಜೂನಿನಲ್ಲಿ, ಮುಂಗಾರು ಸೋರಿದಾಗ. ಅಷ್ಟರಲ್ಲಿ ಏಪ್ರಿಲಿನ ಆಲಿಕಲ್ಲನ್ನು ಯಾರು ನಂಬುತ್ತಾರೆ?

ಆದ್ದರಿಂದ ಕೋರಿಕೆ ಇಷ್ಟು. ರಾಜ್ಯ ವಿಪತ್ತು ಪರಿಹಾರ ನಿಧಿಯ ಪಟ್ಟಿಯಲ್ಲಿ ಆಲಿಕಲ್ಲು ಮಳೆಯೂ ವಿಪತ್ತೇ. 2022ರಿಂದ 2026ರ ಅವಧಿಗೆ ಕೇಂದ್ರ ನಿಗದಿಪಡಿಸಿದ ದರದಲ್ಲಿ, ಶೇ 15ಕ್ಕೆ ಕಡಿಮೆಯಿಲ್ಲದಷ್ಟು ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000 ರೂಪಾಯಿ. ಆ ಹಣಕ್ಕಾಗಿ ಗ್ರಾಮ ಆಡಳಿತ ಅಧಿಕಾರಿ ಹೇಗೂ ಊರಿಗೆ ಬರುತ್ತಾರೆ. ಬಂದಾಗ ವಿಮೆ ಇದ್ದ ಮನೆ, ಇಲ್ಲದ ಮನೆ, ಶೇ 15ಕ್ಕಿಂತ ಕಡಿಮೆ ಹಾನಿಯಾದ ಮನೆ ಎಂದು ಬೇರೆ ಮಾಡದೆ ಕಲ್ಲು ಬಿದ್ದ ಎಲ್ಲ ಮನೆಗಳ ಪಂಚನಾಮೆ ಬರೆಯಲಿ. ದಿನ, ಹೊತ್ತು, ಗಾಳಿಯಿತ್ತೇ, ಸೂರು ತಗಡಿನದೋ ಶೀಟಿನದೋ ಫರಸಿಯದೋ, ಎಷ್ಟು ಒಡೆದಿದೆ ಎಂಬುದಿರಲಿ. ಮೊಹರು ಹಾಕಿದ ಪ್ರತಿ ಮನೆಯವರ ಕೈಗೆ ಅಂದೇ ಸಿಗಲಿ. ಇದಕ್ಕೆ ಹೊಸ ಅನುದಾನ ಬೇಕಿಲ್ಲ, ತಮ್ಮ ಒಂದು ಸುತ್ತೋಲೆ ಸಾಕು.

ಜಿಲ್ಲಾ ಮಟ್ಟದ ಬ್ಯಾಂಕರುಗಳ ಸಭೆಗೂ ತಾವೇ ಅಧ್ಯಕ್ಷರು. ಸಾಲದ ಜೊತೆ ಮಾಡಿಸಿದ ವಿಮೆಯ ಪಾಲಿಸಿ ಎಷ್ಟೋ ಮನೆಗಳಿಗೆ ಬಂದೇ ಇಲ್ಲ. ಬ್ಯಾಂಕಿನ ಕಡತದಲ್ಲಿ ಇಂಗ್ಲಿಷಿನಲ್ಲಿ ಕುಳಿತಿದೆ. ಗೃಹ ರಕ್ಷಾದಲ್ಲಿ ಬೇಡವೆಂದು ಬಿಟ್ಟುಕೊಡದಿದ್ದರೆ ಕಟ್ಟಡದ ವಿಮಾ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷದವರೆಗೆ ಮನೆಯೊಳಗಿನ ಸಾಮಾನಿಗೂ ರಕ್ಷಣೆಯಿದೆ. ನನ್ನ ಬೀದಿಯಲ್ಲಿ ಇದನ್ನು ಕೇಳಿದವರೇ ಇಲ್ಲ. ಪಾಲಿಸಿಯ ಪ್ರತಿ ಮತ್ತು ಒಂದು ಪುಟದ ಕನ್ನಡ ಸಾರಾಂಶವನ್ನು ಸಾಲಗಾರರಿಗೆ ತಲುಪಿಸುವಂತೆ ಮುಂದಿನ ಸಭೆಯಲ್ಲಿ ಸೂಚಿಸಬೇಕು.

ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಶುಲ್ಕವಿಲ್ಲದೆ ದೂರು ಕೇಳುತ್ತಾರೆಂದು ಬಲ್ಲೆ. ಅಲ್ಲಿಗೂ ಮೊದಲು ಒಯ್ಯಬೇಕಾದದ್ದು ನಾನು ಮೇಲೆ ಕೇಳಿದ ಕಾಗದವನ್ನೇ. ಮಾರ್ಚ್ ಬರುವ ಮೊದಲು ಸುತ್ತೋಲೆ ಹೊರಟರೆ ಈ ವರ್ಷವೇ ಉಪಯೋಗಕ್ಕೆ ಬರುತ್ತದೆ.

ಇಂತಿ,
ಔರಾದ್ ತಾಲ್ಲೂಕಿನ ಒಬ್ಬ ನಿವಾಸಿ