ಲೌಡನ್ ಯಾವ ಪಕ್ಷದ್ದು ಅಂತ ಕೇಳಿದೆಯಲ್ಲ

ಪ್ರೀತಿಯ ಗೆಳೆಯಾ,

ನವೆಂಬರ್‌ನಲ್ಲಿ ಟಿವಿಯಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ನಮ್ಮ ಲೌಡನ್ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಹೆಸರು ಕೇಳಿ, "ಏನೋ, ನಿಮ್ಮೂರು ಅಷ್ಟೊಂದು ಫೇಮಸ್ಸಾ? ಅದು ಯಾವ ಪಕ್ಷದ್ದು?" ಅಂತ ನೀನು ಮೆಸೇಜ್ ಹಾಕಿದ್ದೆ. ಫೋನಿನಲ್ಲಿ ಹೇಳಲು ಹೋದರೆ ನೀನು ಎರಡನೇ ನಿಮಿಷಕ್ಕೆ ಕ್ರಿಕೆಟ್ ಕಡೆ ತಿರುಗುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಹಾಸ್ಟೆಲ್ ಗುಂಪಿನ ಉಳಿದವರೂ ಇದನ್ನೇ ಕೇಳುತ್ತಿದ್ದರು, ಹಾಗಾಗಿ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ನಿನ್ನ ಪ್ರಶ್ನೆಗೆ ಉತ್ತರ ಬ್ಯಾಲೆಟ್ ಪೇಪರಿನಲ್ಲಿ ಎಷ್ಟನೇ ಸಾಲು ನೋಡುತ್ತೀಯ ಅನ್ನೋದರ ಮೇಲಿದೆ. ಮೇಲಿನ ಸಾಲುಗಳಲ್ಲಿ, ಅಂದರೆ ಅಧ್ಯಕ್ಷ, ಸೆನೆಟ್, ಗವರ್ನರ್ ಇಂಥ ಕಡೆ, ಲೌಡನ್ ಈಗ ಡೆಮಾಕ್ರಟ್‌ಗಳದ್ದು. ಕೆಳಗೆ ಇಳಿಯುತ್ತಾ ಬಂದರೆ ಹಾಗೆ ಹೇಳೋಕೆ ಆಗಲ್ಲ.

ಮೊದಲು ಜಾಗದ ಬಗ್ಗೆ ಸ್ವಲ್ಪ. ವಾಷಿಂಗ್ಟನ್‌ನ ಪಶ್ಚಿಮಕ್ಕೆ, ಡಲ್ಲೆಸ್ ವಿಮಾನ ನಿಲ್ದಾಣದ ಪಕ್ಕ. ಪಶ್ಚಿಮದ ಅರ್ಧ ಇವತ್ತಿಗೂ ಹೊಲ, ಕುದುರೆ ಲಾಯ, ದ್ರಾಕ್ಷಿ ತೋಟ. ಪೂರ್ವದ ಅರ್ಧ ನಮ್ಮಂಥವರ ಟೌನ್‌ಹೌಸ್ ಸಾಲು. 1990ರಲ್ಲಿ ಇಡೀ ಕೌಂಟಿಯಲ್ಲಿ 86 ಸಾವಿರ ಜನ. 2000ಕ್ಕೆ 1 ಲಕ್ಷ 70 ಸಾವಿರ ಮುಟ್ಟಿತು, 2010ಕ್ಕೆ 3 ಲಕ್ಷ 12 ಸಾವಿರ, 2020ರ ಜನಗಣತಿಗೆ 4 ಲಕ್ಷ 21 ಸಾವಿರ. ಹೀಗೆ ಬಂದವರಲ್ಲಿ ಫೆಡರಲ್ (ಕೇಂದ್ರ) ಸರ್ಕಾರದ ನೌಕರರು, ಆ ಸರ್ಕಾರಕ್ಕೆ ಗುತ್ತಿಗೆ ಕೆಲಸ ಮಾಡುವ ಕಂಪನಿಗಳವರು, ಐಟಿಯವರು ಜಾಸ್ತಿ. ಈಗ ಐದರಲ್ಲಿ ಒಬ್ಬರು ಏಷ್ಯಾ ಮೂಲದವರು, ಅದರಲ್ಲೂ ಭಾರತದವರೇ ಹೆಚ್ಚು. ದೀಪಾವಳಿಗೆ ಸರ್ಕಾರಿ ಶಾಲೆಗಳಿಗೆ ರಜೆ ಕೊಡುತ್ತಾರೆ ಅಂದರೆ ನೀನೇ ಲೆಕ್ಕ ಹಾಕಿಕೋ.

ಜನ ಬದಲಾದ ಹಾಗೆ ಮತವೂ ಬದಲಾಯಿತು. 2004ರಲ್ಲಿ ರಿಪಬ್ಲಿಕನ್ ಪಕ್ಷದ ಬುಷ್ ಇಲ್ಲಿ ಆರಾಮಾಗಿ ಗೆದ್ದಿದ್ದರು. 2008ರಲ್ಲಿ ಒಬಾಮಾ ಗೆದ್ದರು. 1964ರಲ್ಲಿ ಲಿಂಡನ್ ಜಾನ್ಸನ್ ಗೆದ್ದ ಮೇಲೆ ಈ ಕೌಂಟಿಯಲ್ಲಿ ಒಬ್ಬ ಡೆಮಾಕ್ರಟ್ ಅಧ್ಯಕ್ಷ ಸ್ಥಾನಕ್ಕೆ ಗೆದ್ದದ್ದು ಅದೇ ಮೊದಲು. 2020ರಲ್ಲಿ ಬೈಡನ್ ಅಂತರ ನೂರಕ್ಕೆ 25ರಷ್ಟು. ಮರು ವರ್ಷವೇ ಗವರ್ನರ್ ಚುನಾವಣೆಯಲ್ಲಿ ಇಲ್ಲಿನ ಡೆಮಾಕ್ರಟ್ ಅಂತರ 11ರ ಆಸುಪಾಸಿಗೆ ಬಿತ್ತು, ರಾಜ್ಯ ರಿಪಬ್ಲಿಕನ್ ಗ್ಲೆನ್ ಯಂಗ್‌ಕಿನ್ ಪಾಲಾಯಿತು. 2024ರಲ್ಲಿ ಕಮಲಾ ಹ್ಯಾರಿಸ್ ಗೆದ್ದರೂ ಬೈಡನ್ ಅಂತರ ಉಳಿಸಿಕೊಳ್ಳಲಿಲ್ಲ. ನಮ್ಮ ಕೌಂಟಿಯವರು ಎಣಿಕೆಯಲ್ಲಿ ಚುರುಕು. ಬೇರೆ ದೊಡ್ಡ ಕೌಂಟಿಗಳು ಇನ್ನೂ ಲೆಕ್ಕ ಹಾಕುತ್ತಿರುವಾಗ ಇಲ್ಲಿನದು ಬಹುಪಾಲು ಮುಗಿದಿರುತ್ತದೆ. ಅದಕ್ಕೇ ಆ ರಾತ್ರಿ ಟಿವಿಯವರು ಲೌಡನ್ ನಕ್ಷೆಯನ್ನು ದೊಡ್ಡದು ಮಾಡಿ ಮಾಡಿ ತೋರಿಸಿದರು. 2025ರಲ್ಲಿ ಫೆಡರಲ್ ನೌಕರರನ್ನು ಕೆಲಸದಿಂದ ತೆಗೆದದ್ದು, ಅಕ್ಟೋಬರ್‌ನಿಂದ ಬಜೆಟ್ ಮಂಜೂರಾಗದೆ ಫೆಡರಲ್ ಸರ್ಕಾರ ಬಾಗಿಲು ಹಾಕಿಕೊಂಡದ್ದು ಎಲ್ಲ ಸೇರಿ, ಗವರ್ನರ್ ಸ್ಥಾನಕ್ಕೆ ನಿಂತ ಡೆಮಾಕ್ರಟ್ ಅಬಿಗೇಲ್ ಸ್ಪ್ಯಾನ್‌ಬರ್ಗರ್ ಇಲ್ಲಿ ಬೈಡನ್ ಅಂತರವನ್ನೂ ದಾಟಿದರು. ಸಂಬಳ ನಿಂತ ಮನೆಗಳ ಬೀದಿಯಲ್ಲಿ ಇನ್ನೇನಾಗುತ್ತೆ, ಅಲ್ವಾ?

ಇಷ್ಟನ್ನು ಟಿವಿಯವರು ಹೇಳುತ್ತಾರೆ. ಅವರು ಹೇಳದೇ ಬಿಡುವುದು ಬ್ಯಾಲೆಟ್ ಪೇಪರಿನ ಕೆಳಗಿನ ಭಾಗ. ನನಗೆ ರುಚಿ ಇರುವುದೂ ಅಲ್ಲೇ.

ನಾನು ಇರುವುದು ಆಶ್‌ಬರ್ನ್. ಅಂಚೆ ವಿಳಾಸ ಹಾಗಂತ ಇದೆ, ಮೆಟ್ರೋ ಸ್ಟೇಷನ್‌ಗೂ ಅದೇ ಹೆಸರು. ಆದರೆ ಆಶ್‌ಬರ್ನ್ ಅನ್ನೋ ಊರಿಗೆ ಮೇಯರ್ ಇಲ್ಲ, ಕೌನ್ಸಿಲ್ ಇಲ್ಲ, ಸರ್ಕಾರದ ಲೆಕ್ಕದಲ್ಲಿ ಅದು ಪಟ್ಟಣವೇ ಅಲ್ಲ! ಪಕ್ಕದ ಸ್ಟರ್ಲಿಂಗ್ ಕೂಡ ಹಾಗೇ. ಇಡೀ ಕೌಂಟಿಯಲ್ಲಿ ಸ್ವಂತ ಆಡಳಿತ ಇರುವ ಪಟ್ಟಣಗಳು ಏಳೇ ಏಳು: ಲೀಸ್‌ಬರ್ಗ್, ಪರ್ಸೆಲ್‌ವಿಲ್, ಮಿಡಲ್‌ಬರ್ಗ್ ಮತ್ತೆ ಇನ್ನು ನಾಲ್ಕು ಚಿಕ್ಕವು. ನಮ್ಮಂಥ ಲಕ್ಷಾಂತರ ಜನಕ್ಕೆ ಸ್ಥಳೀಯ ಸರ್ಕಾರ ಅಂದರೆ ನೇರವಾಗಿ ಕೌಂಟಿ, ಅಂದರೆ ಬೋರ್ಡ್ ಆಫ್ ಸೂಪರ್‌ವೈಸರ್ಸ್. ಎಂಟು ಕ್ಷೇತ್ರಕ್ಕೆ ಎಂಟು ಜನ, ಇಡೀ ಕೌಂಟಿಯವರು ಆರಿಸುವ ಒಬ್ಬ ಅಧ್ಯಕ್ಷರು, ಒಟ್ಟು ಒಂಬತ್ತು. ಇವರು ತೆರಿಗೆ ದರ ಗೊತ್ತು ಮಾಡುತ್ತಾರೆ, ಯಾವ ಜಾಗದಲ್ಲಿ ಏನು ಕಟ್ಟಬಹುದು ಅಂತ ತೀರ್ಮಾನಿಸುತ್ತಾರೆ. ಇದಲ್ಲದೆ ಶೆರಿಫ್, ಖಜಾಂಚಿ, ತೆರಿಗೆ ಅಧಿಕಾರಿ, ಕೋರ್ಟ್ ಕ್ಲರ್ಕ್, ಕಾಮನ್‌ವೆಲ್ತ್ ಅಟಾರ್ನಿ ಅನ್ನುವ ಸರ್ಕಾರಿ ಪ್ರಾಸಿಕ್ಯೂಟರ್, ಇವರನ್ನೂ ಜನರೇ ಆರಿಸಬೇಕು. ಕೋರ್ಟ್ ಕ್ಲರ್ಕ್‌ಗೆ ಎಂಟು ವರ್ಷ, ಉಳಿದವರಿಗೆ ನಾಲ್ಕು. ಪೊಲೀಸ್ ಎಸ್‌ಪಿಯನ್ನು ಮತ ಹಾಕಿ ಆರಿಸುವುದನ್ನು ನಮ್ಮ ಜಿಲ್ಲೆಯಲ್ಲಿ ಊಹಿಸಿಕೊಂಡು ನೋಡು!

ಈಗ ಮುಖ್ಯ ವಿಷಯ. ವರ್ಜೀನಿಯಾದ ಬ್ಯಾಲೆಟ್‌ನಲ್ಲಿ ಅಧ್ಯಕ್ಷ, ಕಾಂಗ್ರೆಸ್, ಗವರ್ನರ್, ರಾಜ್ಯ ಶಾಸಕರು, ಇವರ ಹೆಸರಿನ ಜೊತೆ ಮಾತ್ರ ಪಕ್ಷದ ಹೆಸರು ಇರುತ್ತದೆ. ಸೂಪರ್‌ವೈಸರ್, ಶೆರಿಫ್, ಶಾಲಾ ಮಂಡಳಿ ಇಲ್ಲೆಲ್ಲ ಬರೀ ಹೆಸರು. ಪಕ್ಷವೂ ಇಲ್ಲ, ಚಿಹ್ನೆ ಮೊದಲೇ ಇಲ್ಲ. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆಯ ಹಾಗೆ ಅಂದುಕೋ. ಕಾಗದದ ಮೇಲೆ ಪಕ್ಷ ಇಲ್ಲ, ಆದರೆ ಯಾರು ಯಾರ ಕಡೆಯವರು ಅಂತ ಊರಿಗೆಲ್ಲ ಗೊತ್ತು. ವ್ಯತ್ಯಾಸ ಏನಪ್ಪ ಅಂದರೆ, ಹಳ್ಳಿಯಲ್ಲಿ ನಿಜವಾಗಿಯೂ ಗೊತ್ತಿರುತ್ತದೆ. ಇಲ್ಲಿ ಪಕ್ಕದ ಮನೆಯವರ ಹೆಸರೇ ಗೊತ್ತಿಲ್ಲದವರು ಖಜಾಂಚಿಗೆ ಮತ ಹಾಕಬೇಕು. ಅದಕ್ಕೇ ಮತಗಟ್ಟೆ ಬಾಗಿಲಿನಿಂದ 40 ಅಡಿ ಆಚೆ ಎರಡೂ ಪಕ್ಷದವರು ಮೇಜು ಹಾಕಿಕೊಂಡು ನಿಂತು, ಯಾರಿಗೆ ಗುರುತು ಹಾಕಬೇಕು ಅಂತ ಮಾದರಿ ಬ್ಯಾಲೆಟ್ ಚೀಟಿ ಹಂಚುತ್ತಾರೆ. ಅದನ್ನು ಒಳಗೆ ತೆಗೆದುಕೊಂಡು ಹೋಗಿ ನೋಡಿಕೊಂಡು ಹಾಕಬಹುದು, ತಪ್ಪೇನಿಲ್ಲ. ಆ ಚೀಟಿ ತೆಗೆದುಕೊಳ್ಳದೆ ಒಳಗೆ ಹೋದವನು ಕೆಳಗಿನ ಸಾಲುಗಳಿಗೆ ಬಂದಾಗ ಒಬ್ಬನೇ.

2023ರ ಫಲಿತಾಂಶ ನೋಡು, ಒಂದೇ ದಿನ, ಒಂದೇ ಕಾಗದ. ಬೋರ್ಡ್ ಅಧ್ಯಕ್ಷೆಯಾಗಿ ಡೆಮಾಕ್ರಟ್ ಫಿಲಿಸ್ ರ‍್ಯಾಂಡಲ್ ಮೂರನೇ ಸಲ ಗೆದ್ದರು. ಒಂಬತ್ತರಲ್ಲಿ ಏಳು ಸ್ಥಾನ ಅವರ ಪಕ್ಷಕ್ಕೆ. ಆದರೆ ಶೆರಿಫ್ ಆಗಿ ರಿಪಬ್ಲಿಕನ್ ಮೈಕ್ ಚಾಪ್ಮನ್ ಸಲೀಸಾಗಿ ನಾಲ್ಕನೇ ಸಲ! ಪ್ರಾಸಿಕ್ಯೂಟರ್ ಹುದ್ದೆಯಲ್ಲಿದ್ದ ಡೆಮಾಕ್ರಟ್ ಬೂಟಾ ಬಿಬೆರಾಜ್ ಅವರನ್ನು ರಿಪಬ್ಲಿಕನ್ ಬಾಬ್ ಆಂಡರ್ಸನ್ ಸೋಲಿಸಿದರು. ಲಕ್ಷಕ್ಕೂ ಮೇಲೆ ಮತ ಬಿದ್ದಿತ್ತು, ಅಂತರ ಕೆಲವೇ ನೂರು. ಅದೇ ದಿನ, ಪಕ್ಷದ ಹೆಸರು ಛಾಪಿಸಿದ್ದ ಸಾಲಿನಲ್ಲಿ, ಭಾರತ ಮೂಲದ ಸುಹಾಸ್ ಸುಬ್ರಮಣ್ಯಂ ರಾಜ್ಯ ಸೆನೆಟ್‌ಗೆ ಡೆಮಾಕ್ರಟ್ ಆಗಿ ಗೆದ್ದರು. ಮುಂದಿನ ವರ್ಷ ಅವರೇ ಇಲ್ಲಿಂದ ಅಮೆರಿಕದ ಕಾಂಗ್ರೆಸ್‌ಗೂ ಹೋದರು.

ಮತದಾರ ಜಾಣ, ಪಕ್ಷ ನೋಡಲ್ಲ, ವ್ಯಕ್ತಿ ನೋಡುತ್ತಾನೆ ಅಂತ ಇಲ್ಲಿ ಕೆಲವರು ಹೊಗಳುತ್ತಾರೆ. ನನಗೆ ಅರ್ಧ ಒಪ್ಪಿಗೆ. ಶೆರಿಫ್ ವಿಷಯದಲ್ಲಿ ಇರಬಹುದು: 2011ರಿಂದ ಅದೇ ಮನುಷ್ಯ ಗೆಲ್ಲುತ್ತಿದ್ದಾರೆ, ಹೆಸರು ಗೊತ್ತು, ಬೀದಿಗಳು ಶಾಂತವಾಗಿವೆ, ಯಾಕೆ ಬದಲಿಸಬೇಕು ಅಂತ. ಡೆಮಾಕ್ರಟ್‌ಗಳ ಬೋರ್ಡ್ ಬೇರೆಯೇ ಪೊಲೀಸ್ ಇಲಾಖೆ ಮಾಡೋಣವೇ ಅಂತ ಅಧ್ಯಯನ ಮಾಡಿಸಿತ್ತು, ಅದು ಮುಂದೆ ಹೋಗಲಿಲ್ಲ. ಆದರೆ ಇನ್ನರ್ಧ ಕಾರಣ ಇನ್ನೂ ಸರಳ. ಜನ ಬರುವುದೇ ಇಲ್ಲ. ಕೌಂಟಿ ಚುನಾವಣೆ ಬೇಕೆಂದೇ ಅಧ್ಯಕ್ಷರ ಚುನಾವಣೆ ಇಲ್ಲದ ಬೆಸ ವರ್ಷದಲ್ಲಿ ಬರುತ್ತದೆ. ನೋಂದಾಯಿತ ಮತದಾರರಲ್ಲಿ ಅರ್ಧಕ್ಕರ್ಧವೂ ಬರಲ್ಲ. ಬರುವವರಲ್ಲಿ ವಯಸ್ಸಾದವರು, ಹಳಬರು, ಸ್ವಂತ ಮನೆ ಇರುವವರು ಹೆಚ್ಚು. 2020ರಲ್ಲಿ ಬೈಡನ್‌ಗೆ ಸಾಲು ನಿಂತವರಲ್ಲಿ ಎಷ್ಟೋ ಜನ 2023ರಲ್ಲಿ ಮನೆಯಲ್ಲೇ ಇದ್ದರು. ಹಾಗಾಗಿ ಇದು ಒಂದೇ ಕೌಂಟಿಯ ಎರಡು ಬೇರೆ ಬೇರೆ ಮತದಾರರ ಪಟ್ಟಿ ಅಂತ ನನ್ನ ಅಭಿಪ್ರಾಯ.

ನಮ್ಮವರದ್ದು ಇನ್ನೊಂದು ಕಥೆ. ನಮ್ಮ ಬೀದಿಯಲ್ಲಿ ಕನ್ನಡ ಮನೆಗಳಿವೆ, ಎಲ್ಲರೂ ಮನೆ ತೆರಿಗೆ ಕಟ್ಟುತ್ತಾರೆ, ಕಾರಿಗೂ ಪ್ರತಿ ವರ್ಷ ಕೌಂಟಿಗೆ ತೆರಿಗೆ. ಮತ ಇರುವುದು ಕೆಲವರಿಗೆ ಮಾತ್ರ. ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡ್‌ನಲ್ಲಿ ಒಂದು ದೇಶಕ್ಕೆ ನೂರಕ್ಕೆ 7 ಅಂತ ಮಿತಿ ಇರುವುದರಿಂದ ಭಾರತದವರ ಸಾಲು ಬೆಳೆಯುತ್ತಲೇ ಇದೆ. ಅದು ಸಿಕ್ಕ ಮೇಲೂ ಪೌರತ್ವಕ್ಕೆ ಸಾಮಾನ್ಯವಾಗಿ ಐದು ವರ್ಷ. ಮಗ ಹೈಸ್ಕೂಲ್ ಮುಗಿಸುತ್ತಾನೆ, ಅಪ್ಪನಿಗೆ ಶಾಲಾ ಮಂಡಳಿಗೆ ಮತ ಹಾಕುವ ಹಕ್ಕು ಬಂದಿರುವುದಿಲ್ಲ. ಮತ ಬಂದವರಾದರೂ ಹಾಕುತ್ತಾರಾ? ಅಧ್ಯಕ್ಷರ ಚುನಾವಣೆಗೆ ಸೆಲ್ಫಿ ಸಮೇತ, ಕೌಂಟಿಗೆ ಅಂದರೆ "ಓ, ಈ ವರ್ಷವೂ ಇದೆಯಾ?"

ಪ್ರತಿ ವರ್ಷವೂ ಇದೆ ಗೆಳೆಯಾ, ವರ್ಜೀನಿಯಾದಲ್ಲಿ ಪ್ರತಿ ನವೆಂಬರ್ ಏನೋ ಒಂದು ಇದ್ದೇ ಇರುತ್ತದೆ. ಅದೂ ಒಂದು ಸುಸ್ತು.

ಆದರೆ ಈ ಒಂಬತ್ತು ಜನರ ಬೋರ್ಡಿನ ಕೈಯಲ್ಲಿ ಏನಿದೆ ಅಂತ ಕೇಳು. ಆಶ್‌ಬರ್ನ್ ಸುತ್ತ ಸುಮಾರು 200 ಡೇಟಾ ಸೆಂಟರ್ ಇವೆ, ಪ್ರಪಂಚದಲ್ಲಿ ಇಷ್ಟು ಒತ್ತಾಗಿ ಬೇರೆಲ್ಲೂ ಇಲ್ಲ. ಕಿಟಕಿ ಇಲ್ಲದ ಬೂದು ಗೋಡೆಗಳು, ಮೇಲೆ ಫ್ಯಾನುಗಳ ಸದ್ದು, ಪಕ್ಕದಲ್ಲೇ ಮನೆಗಳು. ಒಳಗಿರುವ ಕಂಪ್ಯೂಟರ್‌ಗಳಿಗೆ ಕೌಂಟಿ ತೆರಿಗೆ ಹಾಕುತ್ತದೆ. ಅವುಗಳಿಗೆ ಶಾಲೆ ಬೇಡ, ಪಾರ್ಕ್ ಬೇಡ. ಅವಕ್ಕಾಗಿ ಖರ್ಚಾಗುವ ಪ್ರತಿ 1 ಡಾಲರಿಗೆ 26 ಡಾಲರ್ ತೆರಿಗೆ ಬರುತ್ತದೆ ಅಂತ ಕೌಂಟಿಯವರೇ ಹೇಳಿಕೊಳ್ಳುತ್ತಾರೆ. ಅದರಿಂದಾಗಿ ಮನೆ ತೆರಿಗೆ ದರ ಇಳಿದಿದೆ: 2020ರಲ್ಲಿ ಪ್ರತಿ 100 ಡಾಲರ್ ಬೆಲೆಗೆ 1.035 ಡಾಲರ್ ಇದ್ದದ್ದು 2025ರಲ್ಲಿ 0.805. (ಮನೆ ಬೆಲೆ ಏರಿರುವುದರಿಂದ ಬಿಲ್ ಮಾತ್ರ ಅಷ್ಟು ಇಳಿದಿಲ್ಲ, ಅದು ಬೇರೆ ಮಾತು.) ಮೊನ್ನೆ ಮೊನ್ನೆಯವರೆಗೆ ಕೆಲವು ವಲಯಗಳಲ್ಲಿ ಡೇಟಾ ಸೆಂಟರ್ ಕಟ್ಟಲು ಬೋರ್ಡ್ ಮುಂದೆ ಬರುವುದೇ ಬೇಕಿರಲಿಲ್ಲ, ಸಾರ್ವಜನಿಕರನ್ನು ಕೇಳುವುದೂ ಇರಲಿಲ್ಲ. 2025ರ ಮಾರ್ಚ್‌ನಲ್ಲಿ ಬೋರ್ಡ್ ಅದನ್ನು ತೆಗೆದುಹಾಕಿತು. ನನ್ನ ಕೇಳಿದರೆ ಹತ್ತು ವರ್ಷ ತಡ. ಆದರೆ ದುಡ್ಡು ಬರುತ್ತಿರುವಾಗ ಬೇಡ ಅನ್ನುವ ಪಕ್ಷ ಯಾವುದೂ ಇಲ್ಲ, ರಿಪಬ್ಲಿಕನ್ನರ ಕೆಂಪೂ ಇಲ್ಲ ಡೆಮಾಕ್ರಟರ ನೀಲಿಯೂ ಇಲ್ಲ.

ಬೋರ್ಡಿಗೆ ಪೂರ್ತಿ ಸ್ವಾತಂತ್ರ್ಯ ಇದೆ ಅಂದುಕೊಳ್ಳಬೇಡ. ಡಿಲ್ಲನ್ ರೂಲ್ ಅಂತ ಒಂದಿದೆ, ರಾಜ್ಯ ಕೊಟ್ಟಷ್ಟೇ ಅಧಿಕಾರ. ಲೀಸ್‌ಬರ್ಗ್ ಕೋರ್ಟ್ ಮುಂದೆ ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಸಿಕೊಳ್ಳಲು ಹೋರಾಡಿದ ದಕ್ಷಿಣ ರಾಜ್ಯಗಳ ಸೇನೆಯ ಸೈನಿಕನ ಪ್ರತಿಮೆ ಇತ್ತು. ಅದನ್ನು ತೆಗೆಯಲು ಕೌಂಟಿಗೆ ಹಕ್ಕೇ ಇರಲಿಲ್ಲ. 2020ರ ಜುಲೈನಿಂದ ರಾಜ್ಯ ಕಾನೂನು ಬದಲಿಸಿತು, ಅದೇ ತಿಂಗಳು ಪ್ರತಿಮೆ ಹೋಯಿತು. ಶಾಲಾ ಮಂಡಳಿಗಂತೂ ಒಂದು ಪೈಸೆ ತೆರಿಗೆ ಹಾಕುವ ಅಧಿಕಾರ ಇಲ್ಲ, ಸೂಪರ್‌ವೈಸರ್‌ಗಳು ಕೊಟ್ಟದ್ದೇ ದುಡ್ಡು. ಆದರೂ 2021ರ ಜೂನ್‌ನಲ್ಲಿ ದೇಶದ ಟಿವಿಯವರೆಲ್ಲ ಬಂದು ನಿಂತದ್ದು ಆ ಮಂಡಳಿಯ ಸಭೆಗೇ. ಟ್ರಾನ್ಸ್‌ಜೆಂಡರ್ ಮಕ್ಕಳ ಬಗೆಗಿನ ನಿಯಮದ ಮೇಲೆ ಗಲಾಟೆ ಎದ್ದು ಸಭೆಯನ್ನೇ ನಿಲ್ಲಿಸಿದರು. ಯಂಗ್‌ಕಿನ್ ಪ್ರಚಾರಕ್ಕೆ ಅದೇ ಸಾಮಾನು ಆಯಿತು.

ಒಂದು ತಮಾಷೆ ಹೇಳಿ ಬಿಡುತ್ತೇನೆ. 2017ರಲ್ಲಿ ಟ್ರಂಪ್ ಇಲ್ಲಿನ ತಮ್ಮ ಗಾಲ್ಫ್ ಕ್ಲಬ್‌ನಿಂದ ಹೊರಟಾಗ ಜೂಲಿ ಬ್ರಿಸ್ಕ್‌ಮನ್ ಅನ್ನುವವರು ಸೈಕಲ್ ಮೇಲೆ ಹೋಗುತ್ತಾ ಅವರ ಕಾರುಗಳ ಸಾಲಿಗೆ ನಡು ಬೆರಳು ತೋರಿಸಿದ್ದರು. ಫೋಟೋ ಎಲ್ಲ ಕಡೆ ಹರಡಿ ಕೆಲಸವೂ ಹೋಯಿತು. 2019ರಲ್ಲಿ ಸೂಪರ್‌ವೈಸರ್ ಸ್ಥಾನಕ್ಕೆ ನಿಂತು ಗೆದ್ದರು. ಆ ಗಾಲ್ಫ್ ಕ್ಲಬ್ ಇರುವುದು ಅವರದೇ ಕ್ಷೇತ್ರದಲ್ಲಿ! 2023ರಲ್ಲೂ ಗೆದ್ದರು. ಅವರ ಹೆಸರಿನ ಮುಂದೆ ಪಕ್ಷ ಬರೆದಿಲ್ಲದಿದ್ದರೂ ಯಾರಿಗೂ ಅನುಮಾನ ಬರುವ ಹಾಗಿರಲಿಲ್ಲ ಬಿಡು.

ಮುಂದಿನ ಬೋರ್ಡ್ ಚುನಾವಣೆ 2027ಕ್ಕೆ. ಇಷ್ಟು ಬೈದರೂ ಒಂದು ಒಪ್ಪಿಕೊಳ್ಳಬೇಕು, ನಾಲ್ಕು ವರ್ಷಕ್ಕೆ ಸರಿಯಾಗಿ ಚುನಾವಣೆ ಆಗಿಬಿಡುತ್ತದೆ. ನಿಮ್ಮ ಬೆಂಗಳೂರಲ್ಲಿ 2015ರಲ್ಲಿ ಆರಿಸಿದ ಪಾಲಿಕೆಯ ಅವಧಿ 2020ಕ್ಕೆ ಮುಗಿಯಿತು, ಆಮೇಲೆ ಐದು ವರ್ಷ ಕಳೆದರೂ ಕಾರ್ಪೊರೇಟರ್ ಅನ್ನೋರು ಬರಲಿಲ್ಲ. ಈಗ ಒಂದು ಪಾಲಿಕೆ ಐದಾಗಿದೆಯಂತಲ್ಲ, ನಿನ್ನ ಮನೆ ಯಾವುದರಲ್ಲಿ ಬಿತ್ತು? ನಿನ್ನ ವಾರ್ಡಿಗೆ ಯಾರು ಯಾರು ಓಡಾಡುತ್ತಿದ್ದಾರೆ? ವಿವರವಾಗಿ ಬರೆ, ಬರೀ ಥಂಬ್ಸ್ ಅಪ್ ಕಳಿಸಬೇಡ.

ನಿನ್ನ
ಹಳೇ ರೂಮ್‌ಮೇಟ್